ತಟ್ಟದೆ ಬಿಟ್ಟ ಬಾಗಿಲು

ಮೊದಲ ಗುರುವಾರ ಡೋರೀನ್ ವಿಕ್ ನನಗೆ ಹೇಳಿದ ನಿಯಮ ಒಂದೇ. ಹೊರಗೆ ಎಲ್ಲಾದರೂ ಎದುರಾದರೆ ಅವರಾಗಿ ನನ್ನನ್ನು ಮಾತನಾಡಿಸುವುದಿಲ್ಲ. ಅಂಗಡಿಯಾಗಲಿ, ಚರ್ಚಾಗಲಿ, ಶಾಲೆಯ ಬಾಸ್ಕೆಟ್‌ಬಾಲ್ ಪಂದ್ಯವಾಗಲಿ. ನಾನು ಮೊದಲು ಹಲೋ ಅಂದರೆ ಅವರೂ ಅನ್ನುತ್ತಾರೆ. ನಾನು ಸುಮ್ಮನಿದ್ದರೆ ನಾನು ಯಾರೋ, ಅವರು ಯಾರೋ.

"ಅಸಡ್ಡೆ ಅಂದ್ಕೋಬೇಡಿ ಕರ್ಟಿಸ್," ಎಂದಿದ್ದರು. "ನೀವು ಇಲ್ಲಿಗೆ ಬರ್ತೀರಿ ಅನ್ನೋದು ನಿಮ್ಮ ಸೊತ್ತು. ಅದನ್ನ ಖರ್ಚು ಮಾಡೋ ಹಕ್ಕು ನನಗಿಲ್ಲ."

ಆ ನಿಯಮ ನನಗೆ ಹಿಡಿಸಿತು. ನಮ್ಮ ಟಾರ್ಬೆಟ್‌ನಲ್ಲಿ ಇರುವುದು ಸಾವಿರದ ಎಂಟುನೂರು ಜನ. ಯಾರ ಪಿಕಪ್ ಗಾಡಿ ಎಲ್ಲಿ ನಿಂತಿದೆ ಎಂಬುದನ್ನು ನೋಡಿ ಅವನ ಸಂಸಾರದ ಸುದ್ದಿ ಹೇಳಬಲ್ಲ ಊರು ಇದು. ಆಪ್ತ ಸಮಾಲೋಚಕಿಯಾದ ಡೋರೀನ್ ಅವರ ಕಚೇರಿಯ ಮುಂದೆ ಗಾಡಿ ನಿಲ್ಲಿಸುವವರು ಯಾರೂ ಇರಲಿಲ್ಲ. ನಾನು ದನದ ಮೇವಿನ ಅಂಗಡಿಯ ಹಿಂದೆ ನಿಲ್ಲಿಸಿ, ಓಣಿಯಲ್ಲಿ ನಡೆದು, ಹಿಂಬಾಗಿಲಿನಿಂದ ಹೋಗುತ್ತಿದ್ದೆ. ಓಣಿಯ ಹಿಮದಲ್ಲಿ ನನ್ನದಲ್ಲದ ಬೂಟಿನ ಗುರುತುಗಳೂ ಇರುತ್ತಿದ್ದವು. ಅವು ಯಾರವೆಂದು ನಾನು ಯೋಚಿಸುತ್ತಿರಲಿಲ್ಲ.

ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವುದು ನನ್ನ ಕೆಲಸ. ಬೆಳಿಗ್ಗೆ ಸಂಜೆ ಉತ್ತರದ ಹಳ್ಳಿಗಳ ಕಡೆಯ ಶಾಲಾ ಬಸ್ಸನ್ನೂ ನಾನೇ ಓಡಿಸುತ್ತೇನೆ. ನಮ್ಮಂಥ ಊರುಗಳಲ್ಲಿ ಒಬ್ಬ ಮನುಷ್ಯನಿಗೆ ಎರಡು ಕೆಲಸ ಇದ್ದೇ ಇರುತ್ತದೆ. ಕಳೆದ ವರ್ಷದ ಜನವರಿಯ ಒಂದು ಬೆಳಿಗ್ಗೆ ಮಕ್ಕಳನ್ನು ಶಾಲೆಯಲ್ಲಿ ಇಳಿಸಿ, ಖಾಲಿ ಬಸ್ಸನ್ನು ಶೆಡ್ಡಿಗೆ ಒಯ್ಯುವ ದಾರಿಯಲ್ಲಿ, ರೈಲು ಹಳಿಯ ಮೇಲೆ ನಿಲ್ಲಿಸಿ ಎಂಜಿನ್ ಆರಿಸಿದೆ. ಗೋಧಿ ಒಯ್ಯುವ ರೈಲು ಎಂಟು ನಲವತ್ತಕ್ಕೆ ಬರುತ್ತದೆ. ಅಂದು ತಡವಾಯಿತು. ಹನ್ನೊಂದು ನಿಮಿಷ ಕೂತಿದ್ದೆ. ಆಮೇಲೆ, ಯಾಕೋ ತಿಳಿಯದು, ಎಂಜಿನ್ ಹಾಕಿ ಶೆಡ್ಡಿಗೆ ಹೋದೆ. ಯಾರೂ ನೋಡಲಿಲ್ಲ. ಇದಕ್ಕೆ ಕಾರಣವೇನು ಎಂದು ಕೇಳಿದರೆ ಹೇಳುವಂಥದ್ದು ಇವತ್ತಿಗೂ ನನ್ನಲ್ಲಿ ಏನೂ ಇಲ್ಲ.

ಅದಾದ ಮೇಲೆಯೇ ನಾನು ಸಮಾಲೋಚನೆಗೆ ಹೋಗತೊಡಗಿದ್ದು. ಎರಡನೇ ವಾರ ಅದನ್ನು ಡೋರೀನ್‌ಗೆ ಹೇಳಿದೆ. ಬಸ್ಸಿನ ಕೀಲಿಯನ್ನು ಅವತ್ತೇ ಹಿಂದಿರುಗಿಸಬೇಕು, ಏನು ಕಾರಣ ಹೇಳುತ್ತೇನೋ ಅದು ನನಗೆ ಬಿಟ್ಟಿದ್ದು ಎಂದರು. ಪ್ರತಿದಿನ ಬೆಳಿಗ್ಗೆ ಏಳಕ್ಕೆ ತಮಗೆ ಫೋನ್ ಮಾಡಬೇಕು ಎಂದರು. ಮಾಡುತ್ತಿದ್ದೆ. "ಇದ್ದೀನಿ," ಅನ್ನುತ್ತಿದ್ದೆ. "ಸರಿ," ಅನ್ನುತ್ತಿದ್ದರು. ಎಪ್ಪತ್ತನಾಲ್ಕು ಬೆಳಗುಗಳು ನಮ್ಮ ಮಾತು ಅಷ್ಟೇ. ಒಂದು ದಿನವೂ ಅವರು ಫೋನ್ ತೆಗೆಯದೆ ಇರಲಿಲ್ಲ.

ಶಾಲೆಗೆ ನಾನು ಹೇಳಿದ ಕಾರಣ ಬೆನ್ನುನೋವು. ಊರಿಗೆ ಊರೇ ನನ್ನ ಬೆನ್ನನ್ನು ವಿಚಾರಿಸಿಕೊಂಡಿತು. ನನ್ನ ಹೆಂಡತಿ ಆರ್ಡಿಸ್ ಶಾಖ ಕೊಡುವ ಕರೆಂಟಿನ ದಿಂಬು ತಂದಳು. ಪಕ್ಕದ ಮನೆಯ ಲೈಲ್ ಹೌಗನ್, ಕೌಂಟಿಯ ರಸ್ತೆಗಳ ಮೇಸ್ತ್ರಿ, ಆ ಚಳಿಗಾಲ ಮುಗಿಯುವವರೆಗೆ ನಮ್ಮ ಅಂಗಳದ ಹಿಮವನ್ನು ತಾನೇ ಎತ್ತಿಹಾಕಿದ. ಏಪ್ರಿಲ್‌ನಲ್ಲಿ ದೊಡ್ಡ ಊರಿನ ಡಾಕ್ಟರು ಪರೀಕ್ಷೆ ಮಾಡಿ ಓಡಿಸಬಹುದು ಎಂದು ಬರೆದುಕೊಟ್ಟ ಮೇಲೆ ಬಸ್ಸು ಮರಳಿ ನನ್ನ ಕೈಗೆ ಬಂತು. ಗುರುವಾರಗಳು ಮುಂದುವರಿದವು. ಬೆನ್ನು ನೀವಿಸಿಕೊಳ್ಳಲು ಪಕ್ಕದ ಊರಿಗೆ ಹೋಗುತ್ತೇನೆಂದು ಆರ್ಡಿಸ್ ನಂಬಿದ್ದಳು.

ಹಳಿಯ ಮೇಲಿನ ಹನ್ನೊಂದು ನಿಮಿಷ ಹೊರಬಿದ್ದರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಸ್ಸು ಖಾಲಿಯಿತ್ತು ಎಂಬ ಮಾತನ್ನು ಯಾವ ತಾಯಿಯೂ ಕೇಳಿಸಿಕೊಳ್ಳುವುದಿಲ್ಲ. ಬಸ್ಸಿನ ಕೆಲಸ ಹೋಗುತ್ತದೆ, ಶಾಲೆಯ ಕೆಲಸವೂ ಹೋಗುತ್ತದೆ. ಆರ್ಡಿಸ್ ದಿಂಬನ್ನು ಮಡಿಸಿಡುತ್ತಾ ನನ್ನ ಮುಖ ನೋಡುವ ಆ ಒಂದು ನೋಟವನ್ನು ನಾನು ನೂರು ಸಲ ಊಹಿಸಿಕೊಂಡಿದ್ದೆ.

ಈ ವರ್ಷ ಮಾರ್ಚ್‌ನಲ್ಲಿ ಡೋರೀನ್ ರಾಜ್ಯದ ರಾಜಧಾನಿ ಹೆಲೆನಾದ ಶಾಸನಸಭೆಗೆ ನಿಲ್ಲುವುದಾಗಿ ಪತ್ರಿಕೆಯಲ್ಲಿ ಬಂತು. ನಮ್ಮ ಕೌಂಟಿ ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಯವರಿಗೆಂದು ಇದ್ದ ನಾಲ್ಕು ಹಾಸಿಗೆಗಳನ್ನು ಸರ್ಕಾರ ಮುಚ್ಚಿತ್ತು. ಅದಾದ ಮೇಲೆ ಸಾಯುತ್ತೇನೆ ಎಂದವರನ್ನು ಶೆರಿಫನ ಕಾರಿನಲ್ಲಿ, ಕೈಗೆ ಕೋಳ ತೊಡಿಸಿ, ಇನ್ನೂರೈವತ್ತು ಮೈಲಿ ದೂರದ ಆಸ್ಪತ್ರೆಗೆ ಒಯ್ಯುತ್ತಿದ್ದರು. ಒಬ್ಬ ರೈತನ ಹೆಂಡತಿ ಹಾಗೆ ಹೋಗುವುದನ್ನು ಡೋರೀನ್ ಕಂಡಿದ್ದರಂತೆ. ಆ ಹಾಸಿಗೆಗಳನ್ನು ವಾಪಸ್ ತರುತ್ತೇನೆ, ಬೇರೇನೂ ಭರವಸೆ ಕೊಡಲಾರೆ ಎಂದು ಅವರು ಹೇಳಿದ್ದರು. ಎದುರಾಳಿ ರಾಯ್ಸ್ ಕಿಟಲ್ಸನ್, ಗೊಬ್ಬರದ ವ್ಯಾಪಾರಿ. ಎರಡು ಸಲ ಗೆದ್ದವನು, ಕೆಟ್ಟವನೇನಲ್ಲ.

ಆ ಗುರುವಾರ, ನಾನು ಅವರಿಗೆ ಮತ ಹಾಕಬೇಕಿಲ್ಲ, ಆ ವಿಷಯ ಆ ಕೋಣೆಯೊಳಗೆ ಬರುವುದೂ ಬೇಡ ಎಂದರು. ಬೇರೆಯವರ ಬಳಿ ಹೋಗುತ್ತೇನೆಂದರೆ ಹುಡುಕಿಕೊಡುತ್ತೇನೆ ಎಂದರು. ಒಳ್ಳೆಯದಾಗಲಿ ಎಂದೆ. ಥ್ಯಾಂಕ್ಸ್ ಅಂದು, ಈ ವಾರ ನಿದ್ದೆ ಹೇಗಿತ್ತು ಎಂದು ಕೇಳಿದರು.

ನಮ್ಮಲ್ಲಿ ಚುನಾವಣೆ ಎಂದರೆ ಬಾಗಿಲು ತಟ್ಟುವುದು. ಮತದಾರರ ಪಟ್ಟಿಯನ್ನು ಬೀದಿವಾರು ಅಚ್ಚುಹಾಕಿ, ಪ್ರತಿ ಮನೆಗೂ ಹೋಗಿ, ಅಭ್ಯರ್ಥಿಯ ಹೆಸರಿರುವ ಒಂದು ಕಾರ್ಡು ಕೊಟ್ಟು, ಯಾರೂ ಇಲ್ಲದಿದ್ದರೆ ಅದನ್ನು ಬಾಗಿಲ ಹಿಡಿಗೆ ತಗುಲಿಸಿ ಬರಬೇಕು. ಡೋರೀನ್ ಅವರ ಕಾರ್ಡು ಹಳದಿ ಬಣ್ಣದ್ದು. ಆದರೆ ಆ ಪಟ್ಟಿಯಲ್ಲಿ ಅವರ ಬಳಿ ಬರುವವರೂ ಇದ್ದರು. ಹೆಂಡತಿಗೆ ಹೇಳದೆ ಬರುವ ಗಂಡ, ಗಂಡನಿಗೆ ಹೇಳದೆ ಬರುವ ಹೆಂಡತಿ. ಅಂಥವರ ಬಾಗಿಲಲ್ಲಿ ನಿಂತು ಮತ ಕೇಳುವುದು ಹೇಗೆ? ನಿಮ್ಮ ಗುಟ್ಟು ನನ್ನ ಕೈಯಲ್ಲಿದೆ ಎಂದು ನೆನಪಿಸಿದ ಹಾಗಲ್ಲವೇ? ಬೇರೆಯವರನ್ನು ಕಳಿಸಿದರೂ ಕೇಳುವುದು ಡೋರೀನ್ ಹೆಸರಿನಲ್ಲೇ. ಹಾಗಾಗಿ ಪಟ್ಟಿ ಹಂಚುವ ಮೊದಲು ಆ ಮನೆಗಳ ಮೇಲೆ ತಾವೇ ಕಪ್ಪು ಮಸಿ ಎಳೆದರು. ಮೂವತ್ತೊಂದು ಮನೆಗಳು. ಅವಕ್ಕೆ ನಾನೇ ಹೋಗುತ್ತೇನೆ ಎಂದು ಪ್ರಚಾರದ ಕೆಲಸದವರಿಗೆ ಹೇಳಿದರು. ಹೋಗಲಿಲ್ಲ.

ಇಪ್ಪತ್ತು ವರ್ಷ ಜನರ ಗುಟ್ಟು ಕಾದವರು ಮಾತ್ರ ಮಾಡಬಹುದಾದ ತಪ್ಪು ಅದು. ಕಾಯುವುದರ ಮೇಲೆಯೇ ಕಣ್ಣಿದ್ದುದರಿಂದ, ಕಾದದ್ದು ಬೀದಿಯಲ್ಲಿ ಎದ್ದು ಕಾಣುತ್ತದೆ ಎಂದು ಹೊಳೆಯಲಿಲ್ಲ.

ಸೆಪ್ಟೆಂಬರಿನ ಒಂದು ಶುಕ್ರವಾರ ಸಂಜೆ ಬಸ್ಸು ಬಿಟ್ಟು ಮನೆಗೆ ನಡೆದು ಬರುತ್ತಿದ್ದೆ. ನಮ್ಮ ಬೀದಿಯ ಪ್ರತಿ ಬಾಗಿಲಿಗೂ ಹಳದಿ ಕಾರ್ಡು ತೂಗುತ್ತಿತ್ತು. ಡೋರೀನ್ ಅವರ ತಂಗಿ ಮತ್ತು ಅವಳ ಗಂಡ ದೂರದ ನಗರ ಬಿಲ್ಲಿಂಗ್ಸ್‌ನಿಂದ ಬಂದು ನಮ್ಮ ಕಡೆಯ ಬೀದಿಗಳನ್ನು ಮುಗಿಸಿ ಹೋಗಿದ್ದರು. ನಮ್ಮ ಬಾಗಿಲಿಗೆ ಮಾತ್ರ ಇರಲಿಲ್ಲ. ಯಾಕೆಂದು ಮೆಟ್ಟಿಲ ಮೇಲೆ ನಿಂತ ಕೂಡಲೇ ಅರ್ಥವಾಯಿತು. ಆರ್ಡಿಸ್ ಕೋರ್ಟು ಕಚೇರಿಯಿಂದ ಬರಲು ಹತ್ತು ನಿಮಿಷವಿತ್ತು. ಅವಳು ಎಲ್ಲವನ್ನೂ ಗಮನಿಸುವವಳು. ಯಾಕೆ ನಮಗಿಲ್ಲ ಎಂದು ಕೇಳುತ್ತಾಳೆ, ಫೋನ್ ಮಾಡುತ್ತಾಳೆ.

ಲೈಲ್ ರಸ್ತೆ ಕೆಲಸದಿಂದ ಬಂದಿರಲಿಲ್ಲ. ಅವನ ಹೆಂಡತಿ ತೀರಿಕೊಂಡು ಆರು ವರ್ಷ. ಮನೆಯಲ್ಲಿ ಬೇರೆ ಯಾರೂ ಇಲ್ಲ. ನಾನು ಹುಲ್ಲಿನ ಮೇಲೆ ನಡೆದು ಹೋಗಿ, ಅವನ ಬಾಗಿಲಿನ ಕಾರ್ಡನ್ನು ತೆಗೆದು, ತಂದು ನಮ್ಮ ಬಾಗಿಲಿಗೆ ತಗುಲಿಸಿದೆ. ಒಂದು ನಿಮಿಷದ ಕೆಲಸ. ಆರ್ಡಿಸ್ ಬಂದು, "ಓ, ಡೋರೀನ್ ಕಡೆಯೋರು ಬಂದಿದ್ರಾ," ಎಂದು ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿದಳು.

ಮಾತು ಹೊರಬಿದ್ದದ್ದು ಬೆವ್‌ಳಿಂದ. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತಳಾದ ಬೆವ್, ಡೋರೀನ್ ಪರವಾಗಿ ಊರಿನ ಪೂರ್ವಭಾಗ ಸುತ್ತಿದ್ದಳು. ಅವಳದು ದ್ವೇಷವಲ್ಲ, ಕಳವಳ. ಹೀಗೆ ಮನೆಮನೆಗೆ ಮಸಿ ಬಳಿದು ಕೂತರೆ ಗೆಲ್ಲುವುದು ಹೇಗೆ ಎಂದು ಕೆಫೆಯಲ್ಲಿ ಯಾರ ಹತ್ತಿರವೋ ಗೊಣಗಿದಳು. ಕಿಟಕಿ ಪಕ್ಕದ ಮೇಜಿನ ಗಂಡಸರಿಗೆ ಅಷ್ಟು ಸಾಕಾಯಿತು. ಸಮಾಲೋಚಕಿ ಯಾರ ಮನೆ ಬಿಡುತ್ತಾಳೆ? ಅದನ್ನು ಬಿಡಿಸಲು ಯಾರಿಗೂ ಹೆಚ್ಚು ಹೊತ್ತು ಹಿಡಿಯಲಿಲ್ಲ. ಡೋರೀನ್‌ಗೆ ಸುದ್ದಿ ಮುಟ್ಟಿದ ದಿನವೇ ಪಟ್ಟಿಗಳನ್ನೆಲ್ಲ ವಾಪಸ್ ತರಿಸಿ ಚೂರು ಮಾಡಿಸಿದರು. ಅದು ಇನ್ನೂ ಕೆಟ್ಟದಾಗಿ ಕಂಡಿತು.

ಆಮೇಲೆ ಅದೊಂದು ಆಟವಾಯಿತು. ನಿನಗೆ ಕಾರ್ಡು ಬಂತಾ, ನಿನಗೆ? ಕೆಲವರು ಬೇಗ ಹೌದೆಂದರು, ತೀರಾ ಬೇಗ. ನನ್ನನ್ನೂ ಕೇಳಿದರು. ಆರ್ಡಿಸ್ ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿದ್ದಾಳೆ ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಲೈಲ್ ಮಾತ್ರ ಕಾಫಿ ಕುಡಿಯುತ್ತಾ, ನನಗೆ ಬಂದಿಲ್ಲಪ್ಪ, ಯಾಕೆ ಎಂದ. ಅವನಿಗೆ ಆಟ ಗೊತ್ತಿರಲಿಲ್ಲ.

"ಏನೋ ಲೈಲ್, ನಿನ್ನ ಸರದಿ ಯಾವ ವಾರ?" ಎಂದು ಒಬ್ಬ ಕೇಳಿದ. "ಅಲ್ಲಿ ಕೂತ್ಕೋಬೇಕಾ, ಇಲ್ಲ ಮಲಗಿಸ್ತಾಳಾ?"

"ಮಲಗಿದ್ರೆ ಇವನು ಗೊರಕೆ ಹೊಡೀತಾನೆ ಕಣೋ. ಅವಳಿಗೇ ಹುಚ್ಚು ಹಿಡಿಯುತ್ತೆ," ಎಂದ ಇನ್ನೊಬ್ಬ.

ಮೇಜು ನಕ್ಕಿತು. ಲೈಲ್ ಕೂಡ ನಕ್ಕ. ನಾನೂ ನಕ್ಕೆ.

ಆದರೆ ಲೈಲ್‌ನ ಅಣ್ಣ ಇಪ್ಪತ್ತು ವರ್ಷದ ಹಿಂದೆ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಗುಂಡು ಹಾರಿಸಿಕೊಂಡು ಸತ್ತಿದ್ದ. ಊರು ಅದನ್ನು ಮರೆತಿರಲಿಲ್ಲ, ತಮಾಷೆಯ ಅಡಿಯಲ್ಲಿ ಅದು ಇದ್ದೇ ಇತ್ತು. ಅಕ್ಟೋಬರ್ ಕೊನೆಗೆ ಜಿಂಕೆ ಬೇಟೆ ಶುರುವಾಗುತ್ತದೆ. ಲೈಲ್ ಇಪ್ಪತ್ತೆರಡು ವರ್ಷದಿಂದ ಅದೇ ಮೂವರ ಜೊತೆ ಹೋಗುತ್ತಿದ್ದ. ಈ ಸಲ ಅವರು ಹೊರಟದ್ದು ಅವನಿಗೆ ತಿಳಿದದ್ದು ಅವರು ಹೋದ ಮೇಲೆ. ಕೋವಿ ಹಿಡಿದ ಅಂಥವನ ಪಕ್ಕದಲ್ಲಿ ಟೆಂಟಿನಲ್ಲಿ ಮಲಗುವುದಕ್ಕೆ ಒಂದಿಷ್ಟು ಯೋಚನೆ ಬರುತ್ತದಲ್ಲ, ಎಂದು ಒಬ್ಬ ನನ್ನ ಬಳಿಯೇ ಹೇಳಿದ. ಆ ಶನಿವಾರ ಲೈಲ್ ತನ್ನ ಗ್ಯಾರೇಜಿನ ಬಾಗಿಲು ತೆರೆದಿಟ್ಟುಕೊಂಡು, ಎಣ್ಣೆ ಹಚ್ಚಿ ಸಿದ್ಧ ಮಾಡಿದ್ದ ಕೋವಿಯನ್ನು ಮತ್ತೆ ಬಿಚ್ಚಿ ಮತ್ತೆ ಒರೆಸುತ್ತಿರುವುದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ.

ಸೋಮವಾರ ಅವನು ಸಮಾಲೋಚಕರಿಗೆ ಪರವಾನಗಿ ಕೊಡುವ ರಾಜ್ಯ ಮಂಡಳಿಗೆ ದೂರು ಬರೆದ. ತನ್ನನ್ನು ರೋಗಿಗಳ ಪಟ್ಟಿಗೆ ಸೇರಿಸಿ ಊರಿನಲ್ಲಿ ಹೆಸರು ಕೆಡಿಸಿದ್ದಾರೆ ಎಂದು.

ಮರುದಿನ ಲುಥೆರನ್ ಚರ್ಚಿನ ನೆಲಮಾಳಿಗೆಯಲ್ಲಿ ಇಬ್ಬರು ಅಭ್ಯರ್ಥಿಗಳ ಸಭೆ. ನೂರಕ್ಕೂ ಹೆಚ್ಚು ಜನ ಬಂದಿದ್ದರು. ಹೆಂಗಸರು ಕಾಫಿ, ಹ್ಯಾಮ್ ಸ್ಯಾಂಡ್‌ವಿಚ್ ಇಟ್ಟಿದ್ದರು. ಸಭೆ ಶುರುವಾಗುವ ಮೊದಲು ಆರ್ಡಿಸ್ ತಟ್ಟೆ ಹಿಡಿದು ನೇರ ಡೋರೀನ್ ಬಳಿ ಹೋದಳು. ನಾನು ಅವಳ ಹಿಂದೆಯೇ ಇದ್ದೆ.

"ಜನ ಏನಾದ್ರೂ ಆಡ್ಕೊಳ್ಳಲಿ ಕಣ್ರೀ ಡೋರೀನ್. ನಿಮ್ಮ ಕಾರ್ಡು ನಮ್ಮ ಫ್ರಿಜ್ ಮೇಲೆ ಹಾಗೇ ಇದೆ. ಬಂದ ದಿನದಿಂದ ತೆಗೆದಿಲ್ಲ."

ಡೋರೀನ್ ಅವರ ಕೈಯ ಲೋಟ ತುಟಿಯ ಹತ್ತಿರ ನಿಂತಿತು. ನಮ್ಮ ಮನೆಯ ಮೇಲೆ ಮಸಿ ಎಳೆದವರು ಅವರೇ. ಲೈಲ್‌ನ ಮನೆಯ ಮೇಲೆ ಎಳೆದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಎರಡು ಮನೆಗಳ ನಡುವೆ ಇರುವುದು ಹನ್ನೆರಡು ಹೆಜ್ಜೆ ಹುಲ್ಲು.

"ಥ್ಯಾಂಕ್ಸ್ ಆರ್ಡಿಸ್," ಎಂದರು. ನನ್ನ ಕಡೆ ನೋಡಲಿಲ್ಲ. ನಾನು ಹಲೋ ಅಂದಿರಲಿಲ್ಲ.

ಪ್ರಶ್ನೆಗಳ ಸಮಯದಲ್ಲಿ ಲೈಲ್ ಎದ್ದು ನಿಂತ. ಟೋಪಿ ಕೈಯಲ್ಲಿ ಹಿಡಿದಿದ್ದ.

"ನಾನು ಹೆಚ್ಚು ಮಾತಾಡೋನಲ್ಲ. ಒಂದೇ ಪ್ರಶ್ನೆ. ಒಂದು ದಿನವಾದ್ರೂ ನಾನು ನಿಮ್ಮ ಆಫೀಸಿಗೆ ಕಾಲಿಟ್ಟಿದ್ದೀನಾ? ಹೌದು ಅನ್ನಿ, ಇಲ್ಲ ಅನ್ನಿ. ಅಷ್ಟು ಸಾಕು ನನಗೆ."

"ಲೈಲ್, ನನ್ನ ಹತ್ರ ಯಾರು ಬರ್ತಾರೆ, ಯಾರು ಬರಲ್ಲ, ಎರಡನ್ನೂ ನಾನು ಹೇಳೋ ಹಾಗಿಲ್ಲ."

"ಬಂದಿಲ್ಲ ಅನ್ನೋಕೆ ಏನಮ್ಮಾ ಕಷ್ಟ?"

"ನಿಮಗೆ ಇಲ್ಲ ಅಂದ್ರೆ, ಇನ್ನೊಬ್ಬರು ಎದ್ದು ಕೇಳ್ತಾರೆ. ಅವರ ಸರದಿಗೆ ನಾನು ಸುಮ್ಮನಾದ್ರೆ, ಅದೇ ಉತ್ತರ ಆಗಿಬಿಡುತ್ತೆ."

"ಹಂಗಾದ್ರೆ ಇವನು ಹೋಗಿದ್ದಾನೆ ಅಂತಾಯ್ತು," ಎಂದು ಹಿಂದಿನಿಂದ ಯಾರೋ ಮೆಲ್ಲಗೆ ಅಂದರು. ಒಂದೆರಡು ನಗು ಕೇಳಿಸಿದವು. ಲೈಲ್‌ನ ಕಿವಿ ಕೆಂಪಾಯಿತು. ಅವನು ಕೂರಲಿಲ್ಲ.

ಡೋರೀನ್ ತಲೆಯೆತ್ತಿ ಸಭೆಯನ್ನು ನೋಡಿದರು. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ, ನಿಧಾನವಾಗಿ. ಅವರ ಕಣ್ಣು ನನ್ನ ಮೇಲೂ ಹಾದುಹೋಯಿತು, ಎಲ್ಲರ ಮೇಲೆ ಹಾದುಹೋದ ವೇಗದಲ್ಲೇ, ಒಂದು ಕ್ಷಣವೂ ಹೆಚ್ಚು ನಿಲ್ಲದೆ. ಆಮೇಲೆ ಸುಮ್ಮನೆ ನಿಂತರು. ಆ ಮೌನ ನನಗೆ ಪರಿಚಯವಿತ್ತು. ಗುರುವಾರಗಳಲ್ಲಿ ನನ್ನ ಬಾಯಿಗೆ ಮಾತು ಬರುವವರೆಗೆ ಅವರು ಹೀಗೆಯೇ ಕಾಯುತ್ತಿದ್ದರು. ಅವಸರ ಮಾಡುತ್ತಿರಲಿಲ್ಲ, ನೆರವಿಗೂ ಬರುತ್ತಿರಲಿಲ್ಲ.

ಎದ್ದು ನಿಂತು, ಆ ಕಾರ್ಡು ತೆಗೆದವನು ನಾನು ಎಂದರೆ ಮುಗಿಯುತ್ತಿತ್ತು. ಹಳಿಯ ವಿಷಯ ಹೇಳಬೇಕಿರಲಿಲ್ಲ. ಆದರೆ ಯಾಕೆ ತೆಗೆದೆ ಎಂದು ಆರ್ಡಿಸ್ ಕೇಳುತ್ತಾಳೆ; ಒಂದು ನೂಲು ಎಳೆದರೆ ಬೆನ್ನು, ಗುರುವಾರ, ಬಸ್ಸು ಎಲ್ಲ ಬಿಚ್ಚಿಕೊಳ್ಳುತ್ತದೆ. ಎದ್ದೇಳುವವನಂತೆ ಮುಂದಕ್ಕೆ ಬಾಗಿದೆ. ಕೈ ತಾನಾಗಿ ಸೊಂಟಕ್ಕೆ ಹೋಯಿತು.

"ನೋವಾ?" ಎಂದು ಆರ್ಡಿಸ್ ಪಿಸುಗುಟ್ಟಿದಳು.

ಹೌದೆಂದು ತಲೆಯಾಡಿಸಿದೆ. ಮತ್ತೆ ಹಿಂದಕ್ಕೆ ಒರಗಿದೆ.

ಮನೆಗೆ ಬಂದ ಮೇಲೆ ಅವಳು ದಿಂಬನ್ನು ಕರೆಂಟಿಗೆ ಹಾಕಿ ನನ್ನ ಬೆನ್ನ ಹಿಂದೆ ಇಟ್ಟಳು. ಫ್ರಿಜ್ಜಿನ ಮುಂದೆ ನಿಂತು ಕಾರ್ಡನ್ನು ನೋಡಿದಳು.

"ಅವಳಾದ್ರೂ ಒಂದು ಮಾತು ಇಲ್ಲ ಅನ್ನಬಹುದಿತ್ತು. ಪಾಪ, ಲೈಲ್ ಮುಖ ನೋಡಿದ್ಯಾ? ಹೋಗಲಿ, ಅವಳ ಹತ್ರ ನಿಜವಾಗಿ ಹೋಗೋರಿಗಾದ್ರೂ ಮಾನ ಬೇಡ್ವಾ? ಅಷ್ಟು ಜನ ಇದ್ರಲ್ಲ, ಒಬ್ಬರಾದ್ರೂ ಎದ್ದು ನಿಂತು ಲೈಲ್ ನಮ್ಮ ಪೈಕಿ ಅಲ್ಲ ಅನ್ನಬಾರದಿತ್ತಾ?"

"ಅವರಿಗೆ ಹೇಗೆ ಗೊತ್ತಿರುತ್ತೆ," ಎಂದೆ.

"ಗೊತ್ತಿರೋನು ಒಬ್ಬನಾದ್ರೂ ಇರ್ತಾನೆ," ಎಂದು ಕಾರ್ಡನ್ನು ತೆಗೆದು ಕಸದ ಡಬ್ಬಿಗೆ ಹಾಕಿದಳು.

ಅಂಚೆ ಮತಪತ್ರಗಳನ್ನು ನಾವು ಅಡುಗೆಮನೆಯ ಮೇಜಿನ ಮೇಲೆ ಎದುರುಬದುರಾಗಿ ಕೂತು ತುಂಬಿದೆವು. ಅವಳು ಕಿಟಲ್ಸನ್ ಹೆಸರಿನ ಮುಂದೆ ಗುರುತು ಮಾಡಿದ್ದು ಕಂಡಿತು. ನಾನು ಡೋರೀನ್ ಹೆಸರಿನ ಮುಂದೆ ಮಾಡಿ, ಬೇಗ ಮಡಿಸಿ ಲಕೋಟೆಗೆ ಹಾಕಿದೆ. ಅದೇ ನಾನು ಅವರಿಗಾಗಿ ಮಾಡಿದ್ದು. ಅದೂ ಗುಟ್ಟಾಗಿ.

ಅವರು ಮೂವತ್ತೆಂಟು ಮತಗಳಿಂದ ಸೋತರು.

ಚುನಾವಣೆಯ ವಾರದ ಗುರುವಾರ ಮೇವಿನ ಅಂಗಡಿಯ ಹಿಂದೆ ಗಾಡಿ ನಿಲ್ಲಿಸಿದೆ. ಓಣಿಯ ಹೊಸ ಹಿಮದಲ್ಲಿ ಯಾರ ಹೆಜ್ಜೆಯೂ ಇರಲಿಲ್ಲ. ಉಳಿದವರು ಬರುವುದನ್ನು ಬಿಟ್ಟಿದ್ದರೆಂದು ತೋರುತ್ತದೆ. ಡೋರೀನ್ ಎಂದಿನಂತೆ ಬಾಗಿಲು ತೆರೆದರು. ಕೂತೆ. ಎಂದೂ ಇಲ್ಲದಂತೆ ಮೊದಲ ನಿಮಿಷದಲ್ಲೇ ಮಾತು ಶುರುಮಾಡಿದೆ. ಕಾರ್ಡು, ಲೈಲ್‌ನ ಬಾಗಿಲು, ಕೆಫೆಯ ನಗು, ಸಭೆಯಲ್ಲಿ ಸೊಂಟಕ್ಕೆ ಹೋದ ಕೈ, ಎಲ್ಲವನ್ನೂ ಹೇಳಿದೆ. ಹೇಳಿ ಮುಗಿದಾಗ ಮೈ ಹಗುರಾಗಿತ್ತು. ಆ ಹಗುರ ನನಗೇ ಅಸಹ್ಯವೆನಿಸಿತು.

ಅವರು ಕಿಟಕಿಯ ಕಡೆ ತಿರುಗಿದರು. ಮುಖ ಬಾಡಿತ್ತು. ಬರುವ ಮಾರ್ಚ್‌ನಲ್ಲಿ ಮಂಡಳಿಯ ವಿಚಾರಣೆ ಎಂದು ಪತ್ರಿಕೆಯಲ್ಲಿ ಬಂದಿತ್ತು; ಪರವಾನಗಿ ಉಳಿಯುವುದೇ ಎಂಬ ಪ್ರಶ್ನೆಯೂ ಅದರಲ್ಲಿತ್ತು.

"ಇದನ್ನ ಇಲ್ಲಿ ಬಂದು ಹೇಳಿದ್ರಿ," ಎಂದರು. "ಯಾಕೆ ಇಲ್ಲಿ, ಕರ್ಟಿಸ್?"

ಪ್ರಶ್ನೆಯಲ್ಲಿ ಕೋಪವಿರಲಿಲ್ಲ. ನಿದ್ದೆ ಹೇಗಿತ್ತು ಎಂದು ಕೇಳುವ ದನಿಯೇ. ಆದರೆ ನಾನು ಏನು ಮಾಡಿದೆ ಎಂಬುದು ಅವರು ಕೇಳಿದ ಮೇಲೆಯೇ ನನಗೆ ತಿಳಿಯಿತು. ನಾಲ್ಕು ಗೋಡೆಯಾಚೆ ಎಲ್ಲಿ ಹೇಳಿದ್ದರೂ ಆ ಸತ್ಯ ಲೈಲ್‌ಗೆ ಉಪಯೋಗವಾಗುತ್ತಿತ್ತು, ಅವರಿಗೆ ಉಪಯೋಗವಾಗುತ್ತಿತ್ತು. ಎಂದೂ ಹೊರಗೆ ಹೋಗಲಾರದ ಒಂದೇ ಒಂದು ಕೋಣೆಗೆ ಅದನ್ನು ತಂದು ಇಟ್ಟಿದ್ದೆ. ಮೊದಲು ಅವರದು ಊಹೆ. ಈಗ ನನ್ನ ಮಾತು. ಇನ್ನು ಊಹೆಯೆಂದೂ ಅವರು ಬಾಯಿ ಬಿಡುವಂತಿಲ್ಲ.

ಮೇಜಿನ ಎಡಗಡೆಯ ಖಾನೆಯಲ್ಲಿ ಒಂದು ಕಾಗದವಿರುತ್ತದೆ. ಡಾಕ್ಟರರ ಪರೀಕ್ಷೆಗೆ ಹೋಗುವಾಗ ಅದಕ್ಕೆ ಸಹಿ ಹಾಕಿದ್ದೆ: ನನ್ನ ವಿಷಯವನ್ನು ಇಂಥವರಿಗೆ ಹೇಳಲು ನನ್ನ ಒಪ್ಪಿಗೆಯಿದೆ ಎಂದು. ಮಂಡಳಿಯ ಹೆಸರು ಬರೆದು ಸಹಿ ಹಾಕಿದರೆ ಅವರು ಮಾತಾಡಬಹುದು. ಆದರೆ ತಮ್ಮ ಒಳ್ಳೆಯದಕ್ಕೆಂದು ಆ ಕಾಗದವನ್ನು ನನ್ನ ಮುಂದೆ ಇಡುವವರಲ್ಲ ಅವರು. ನಾನೇ ಕೇಳಬೇಕು. ನಾನು ಖಾನೆಯನ್ನು ನೋಡಿದೆ. ನಾನು ನೋಡಿದ್ದನ್ನು ಅವರು ನೋಡಿದರು. ಗಡಿಯಾರದ ದೊಡ್ಡ ಮುಳ್ಳು ಹತ್ತಕ್ಕೆ ಬಂದು ನನ್ನ ಹೊತ್ತು ಮುಗಿಯುವವರೆಗೆ ಇಬ್ಬರೂ ಕೂತಿದ್ದೆವು.

"ಮುಂದಿನ ಗುರುವಾರ ಬರ್ತೀರಾ?" ಎಂದು ಕೇಳಿದರು.

ಫೋನ್ ಮಾಡುತ್ತೇನೆ ಎಂದೆ. ಮಾಡಲಿಲ್ಲ.

ಡಿಸೆಂಬರ್‌ನಲ್ಲಿ ಒಮ್ಮೆ ಅಂಗಡಿಯಲ್ಲಿ ಎದುರಾದರು. ಬುಟ್ಟಿಯಲ್ಲಿ ಹಾಲು, ಬ್ರೆಡ್ಡು ಇತ್ತು. ನಿಯಮದಂತೆ ನನ್ನ ಪಕ್ಕದಿಂದ, ನನ್ನ ಭುಜದಾಚೆ ಏನನ್ನೋ ನೋಡುತ್ತಾ, ಸ್ವಲ್ಪ ನಿಧಾನವಾಗಿ ಹಾದುಹೋದರು. ನಾನು ಸೂಪಿನ ಡಬ್ಬಿಯೊಂದನ್ನು ಕೈಗೆತ್ತಿಕೊಂಡು ಅದರ ಮೇಲೆ ಬರೆದಿದ್ದನ್ನು ಪೂರ್ತಿ ಓದಿದೆ.

ಆ ವಾರ ಒಂದಡಿ ಹಿಮ ಬಿತ್ತು. ಬೆಳಿಗ್ಗೆ ಬಸ್ಸಿಗೆ ಹೊರಡಲು ಬಾಗಿಲು ತೆರೆದರೆ ಲೈಲ್ ಆಗಲೇ ನಮ್ಮ ಅಂಗಳದಲ್ಲಿ ಸಲಿಕೆ ಹಿಡಿದಿದ್ದ. ಈಗ ಕೆಫೆಗೆ ಅವನು ಹೋಗುವುದಿಲ್ಲ. ಒಳಗೆ ಬಾ, ಕಾಫಿ ಇದೆ ಎಂದೆ. ಬೇಡ ಎಂದು ಕೈಯಾಡಿಸಿದ.

"ಬೆನ್ನು ಹೇಗಿದೆ ಮೇಷ್ಟ್ರೇ?" ಎಂದು ಕೇಳಿದ.

"ಚಳಿಗೆ ಸ್ವಲ್ಪ ಹಿಡಿಯುತ್ತೆ," ಎಂದೆ.

"ನೀವು ಬಗ್ಗೋಕೆ ಹೋಗಬೇಡಿ," ಎಂದು ಅವನು ಮತ್ತೆ ಸಲಿಕೆ ಎತ್ತಿದ.